ಬಲೆ ಸರಿಮಾಡುವ ಗ್ರೀಕ್ ಪದ

ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದ ನಾನು ನಿವೃತ್ತಳಾದ ಮೇಲೆ ಗ್ರೀಕ್ ಕಲಿಯಲು ಹೊರಟಾಗ ಶಂಕರಪುರದ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ಬೈಬಲಿನ ಹೊಸ ಒಡಂಬಡಿಕೆಯನ್ನು ಮೊದಲು ಬರೆದದ್ದು ಆ ಭಾಷೆಯಲ್ಲಿ. ಮೂಲ ಪದಗಳಿಗೆ ಏನು ಅರ್ಥವಿತ್ತೆಂದು ತಿಳಿಯುವ ಆಸೆ ನನ್ನದು. ಪ್ರತಿ ಶನಿವಾರ ಬಸ್ಸು ಹಿಡಿದು ಉಡುಪಿಗೆ ಹೋಗಿ, ಒಬ್ಬ ಫಾದರ್ ನಡೆಸುತ್ತಿದ್ದ ತರಗತಿಯಲ್ಲಿ ಅಕ್ಷರಮಾಲೆಯಿಂದ ಶುರುಮಾಡಿದೆ.

ಎರಡನೆಯ ವರ್ಷ ಒಂದು ಪದ ಸಿಕ್ಕಿತು: ಕತಾರ್ತಿಜೋ. ಸುವಾರ್ತೆಯಲ್ಲಿ ಅಣ್ಣತಮ್ಮಂದಿರಿಬ್ಬರು ದೋಣಿಯಲ್ಲಿ ಕುಳಿತು ಬಲೆ ಸರಿಮಾಡುತ್ತಾರಲ್ಲ, ಅಲ್ಲಿರುವುದು ಈ ಪದ. ಅದೇ ಹೊಸ ಒಡಂಬಡಿಕೆಯ, ಗಲಾತ್ಯರಿಗೆ ಬರೆದ ಪತ್ರದಲ್ಲಿ, ತಪ್ಪು ಮಾಡಿದವನನ್ನು ಮೃದುವಾಗಿ ಸರಿದಾರಿಗೆ ತರಬೇಕು ಎನ್ನುವಲ್ಲಿಯೂ ಇದೇ. ಕನ್ನಡದಲ್ಲಿ ಓದುವಾಗ ಇವೆರಡೂ ಒಂದೇ ಪದ ಎಂದು ನನಗೆ ಹೊಳೆದೇ ಇರಲಿಲ್ಲ.

"ಬಲೆ ಸರಿಮಾಡುವುದು ಎಂದರೆ ಎಂತ ಮಾಡುವುದು, ಫಾದರ್?" ಎಂದು ಕೇಳಿದೆ.

"ಹೊಲಿಯುವುದಿರಬೇಕು," ಎಂದರು. ಘಟ್ಟದ ಮೇಲಿನವರು, ಕಡಲು ಬಲೆ ಕಂಡವರಲ್ಲ, ಪಾಪ.

ನಮ್ಮ ಮನೆಗೆ ಮೀನು ತರುವ ಹೆಂಗಸು ಕಡಲ ಬದಿಯ ಎರ್ಮಾಳಿನವರು. ಅವರ ಮಗಳಿಗೆ ನಾನು ಪಾಠ ಮಾಡಿದ್ದೆ; ಅದಕ್ಕೇ ನನ್ನೊಡನೆ ತುಳು ಬಿಟ್ಟು ಕನ್ನಡವನ್ನೇ ಆಡುವುದು ಅವರ ಗತ್ತು. ಬಲೆಯ ವಿಷಯ ಕೇಳಿದಾಗ, "ನಮ್ಮ ಯಜಮಾನರಿಗೆ ಗೊತ್ತುಂಟು ಟೀಚರ್, ಮನೆಗೆ ಬನ್ನಿ," ಎಂದರು. ಹೋದೆ.

ಅವರ ಗಂಡ ಅಂಗಳದಲ್ಲಿ ಬಲೆ ಹರಡಿಕೊಂಡು ಕುಳಿತಿದ್ದರು. ಹರಿದ ಜಾಗದ ಸುತ್ತ ಇನ್ನಷ್ಟು ಕತ್ತರಿಸುವುದನ್ನು ಕಂಡು ನಾನು "ಅಯ್ಯೋ!" ಎಂದೆ.

"ಹಾಗೇ ಎಳೆದು ಕಟ್ಟಿದರೆ ಬಿಗಿಯಾಗ್ತದೆ ಟೀಚರ್, ನೀರಲ್ಲಿ ಪಕ್ಕದ್ದೂ ಹರೀತದೆ. ಗಟ್ಟಿ ಗಂಟು ಸಿಗುವವರೆಗೆ ಬಿಡಿಸಬೇಕು. ಮತ್ತೆ ಬಲೆಯ ಹಳೆ ಕಣ್ಣಿನ ಅಳತೆಗೇ ಒಂದೊಂದೇ ಕಣ್ಣು ಹಾಕಬೇಕು. ಅವಸರ ಮಾಡಿದರೆ ಆಗುವುದಿಲ್ಲ."

"ಹೊಸದು ತರುವುದೇ ಸುಲಭ ಅಲ್ವಾ?"

"ಒಳ್ಳೆ ಬಲೆಯನ್ನು ಯಾರಾದರೂ ಬಿಸಾಡ್ತಾರಾ?"

ನಾನು ಗದರಿಸಿ ಒಂದೇ ದಿನದಲ್ಲಿ ಸರಿಮಾಡಿಬಿಡಲು ಹೊರಟಿದ್ದ ಎಷ್ಟೋ ಮಕ್ಕಳ ಮುಖ ನೆನಪಾಯಿತು.

ಇದನ್ನೆಲ್ಲ ಫಾದರ್‌ಗೆ ಹೇಳಿದಾಗ ಅವರು ಪೆನ್ನು ತೆಗೆದು ಬರೆದುಕೊಂಡರು. "ಈ ಪದವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಬಲೆ ಮುಟ್ಟಿ ನೋಡಿಲ್ಲ. ಅವರನ್ನು ಕರೆತರುತ್ತೀರಾ?"

ಮುಂದಿನ ಶನಿವಾರ ಆ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಲೆ ಹಿಡಿದು ಬಂದರು. ಮಲ್ಲಿಗೆ ಮುಡಿದ ಹೆಂಡತಿ ಮುಂದಿನ ಬೆಂಚಿನಲ್ಲಿ ಕುಳಿತರು. ನಾನು ಬೋರ್ಡಿನ ಮೇಲೆ ಗ್ರೀಕ್ ಪದ ಬರೆದು, ಕೆಳಗೆ ಕನ್ನಡದ ಎರಡೂ ಅರ್ಥ ಬರೆದು ವಿವರಿಸಿದೆ. ಆಮೇಲೆ ಯಜಮಾನರು ಮೇಜಿನ ಮೇಲಿದ್ದ ನಿಘಂಟುಗಳನ್ನು ಬದಿಗೆ ಸರಿಸಿ ಬಲೆ ಹರಡಿದರು. ಫಾದರ್ ಸೂಜಿ ಹಿಡಿದು ಎರಡು ಕಣ್ಣು ಹಾಕುವಷ್ಟರಲ್ಲಿ, "ಬಿಗಿಯಾಯ್ತು ಫಾದರ್, ಬಿಡಿಸಿ," ಎಂದರು. ತರಗತಿಯೆಲ್ಲ ನಕ್ಕಿತು. "ನಮ್ಮ ಯಜಮಾನರು," ಎಂದು ಅವರ ಹೆಂಡತಿ ಪಕ್ಕದವರಿಗೆ ಕೇಳುವಂತೆಯೇ ಹೇಳಿದರು.

ತರಗತಿಯ ದೊಡ್ಡ ನಿಘಂಟಿನಲ್ಲಿ ಆ ಪದದ ಪಕ್ಕ ಫಾದರ್ ಪೆನ್ಸಿಲಿನಲ್ಲಿ 'ಎರ್ಮಾಳು' ಎಂದು ಬರೆದಿಟ್ಟಿದ್ದಾರೆ. ಹೊಸಬರು ಬಂದರೆ ಆ ಪುಟ ತೆರೆದು ತೋರಿಸುವವಳು ನಾನೇ.