ಅಲ್ಲಗಳೆಯಲಾಗದಿರುವಿಕೆ

ರಾಯಚೂರಿನಲ್ಲಿ ಸರ್ಕಾರಿ ನೌಕರರಿಗೆ ಎರಡು ದಿನದ ತರಬೇತಿ ನಡೆದಾಗ, ಮಾಹಿತಿ ಭದ್ರತೆಯ ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಗುಂಪಿನಲ್ಲಿ ಕನ್ನಡ ಎಂ.ಎ. ಮಾಡಿದವನು ನಾನೊಬ್ಬನೇ, ಬೇರೆ ಅರ್ಹತೆ ಏನೂ ಇರಲಿಲ್ಲ. ಪಾಸ್‌ವರ್ಡ್‌ಗೆ ‘ಗುಪ್ತಪದ’ ಎಂದೆ, ಯಾರೂ ಬಳಸಲಿಲ್ಲ. ‘ನಾನ್-ರೆಪ್ಯುಡಿಯೇಷನ್’ ಎಂಬುದಕ್ಕೆ ‘ಅಲ್ಲಗಳೆಯಲಾಗದಿರುವಿಕೆ’ ಎಂದು ಬರೆದೆ. ನಿಮ್ಮ ಲಾಗಿನ್‌ನಿಂದ ಆದ ಕೆಲಸವನ್ನು ‘ನಾನು ಮಾಡಿಲ್ಲ’ ಎಂದು ಮುಂದೆ ನೀವು ಹೇಳುವಂತಿಲ್ಲ ಎಂಬುದು ಅದರ ಅರ್ಥ.

“ಒಂದ ಉಸರಿನ್ಯಾಗ ಹೇಳಾಕ ಬರಂಗಿಲ್ರೀ ಇದು,” ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ತಿಂಗಳಲ್ಲೇ ಮಾನ್ವಿಯಲ್ಲಿ ಅಪ್ಪ ತೀರಿಕೊಂಡರು. ನಮ್ಮದು ಗುಡಿಯ ಪೂಜೆಯ ಮನೆತನ. ಸೂತಕದ ಹತ್ತು ದಿನ ನಮ್ಮ ಪಾಳಿಯ ಪೂಜೆಯನ್ನು ಬೇರೆ ಮನೆಯವರು ಮಾಡುತ್ತಾರೆ. ಗುಡಿಯ ಕೀಲಿಕೈ ಅವರ ಕೈಗೆ ಹೋಗುತ್ತದೆ, ಪೂಜೆ ಮಾತ್ರ ನಮ್ಮ ಹೆಸರಿನಲ್ಲೇ ನಡೆಯುತ್ತದೆ. ಚಿಕ್ಕಂದಿನಿಂದ ನೋಡಿದ ರೂಢಿ. ಹಾಗಾಗಿ ದೇವದುರ್ಗದಲ್ಲಿ ನಾನು ಅರ್ಜಿಗಳ ಸ್ಥಳ ಪರಿಶೀಲನೆಯ ಕೆಲಸ ಮಾಡುವ ತಾಲ್ಲೂಕು ಕಚೇರಿಯಿಂದ ಪಕ್ಕದ ಮೇಜಿನವರು ಫೋನ್ ಮಾಡಿ, “ಅರ್ಜಿ ಭಾಳ ಬಾಕಿ ಅದಾವ್ರೀ, ನಿಮ್ಮ ಲಾಗಿನ್ ಕೊಡ್ರಿ, ನಾ ಮುಗಸ್ತೀನಿ,” ಎಂದಾಗ ನನಗೆ ಏನೂ ಅನ್ನಿಸಲಿಲ್ಲ. ಪಾಸ್‌ವರ್ಡ್ ಕೊಟ್ಟೆ. ದಿನಾ ಬೆಳಿಗ್ಗೆ ನನ್ನ ಫೋನಿಗೆ ಬರುವ ಒಟಿಪಿಯನ್ನೂ ಓದಿ ಹೇಳುತ್ತಿದ್ದೆ. ಅಪ್ಪನಿಗಾಗಿ ಅಳು ಬರಲಿಲ್ಲ. ಆ ಆರು ಅಂಕಿಗಳನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಕೆಲಸಕ್ಕೆ ಮರಳಿದ ವಾರ ಒಬ್ಬ ಹುಡುಗಿ ಬಂದಳು. ದೇವದುರ್ಗದವಳೇ. ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ವಾಸದ ಪ್ರಮಾಣಪತ್ರವನ್ನು ಅಂದು ಸಂಜೆ ಐದರೊಳಗೆ ಆನ್‌ಲೈನಿನಲ್ಲಿ ಹಾಕದಿದ್ದರೆ ಸೀಟು ಬೇರೆಯವರ ಪಾಲು. ಅವಳ ಅರ್ಜಿ ತಿರಸ್ಕೃತವಾಗಿತ್ತು. ‘ಸ್ಥಳ ಪರಿಶೀಲಿಸಲಾಗಿದೆ. ಮನೆಯಲ್ಲಿ ಯಾರೂ ವಾಸವಿಲ್ಲ’ ಎಂದು ಕಾರಣ, ಕೆಳಗೆ ನನ್ನ ಹೆಸರು. ತಾರೀಖು ನೋಡಿದೆ. ಅಪ್ಪ ಹೋದ ಐದನೆಯ ದಿನ. ಪಕ್ಕದ ಮೇಜಿನವರು ಫೈಲಿನಲ್ಲಿ ತಲೆ ಹುದುಗಿಸಿದರು.

ಪರಿಶೀಲನೆ ನಡೆದೇ ಇಲ್ಲ ಎಂದು ನಾನು ಒಂದು ಸಾಲು ಬರೆದುಕೊಟ್ಟರೆ ತಹಶೀಲ್ದಾರ ಸಾಹೇಬರು ಅವತ್ತೇ ಪತ್ರ ಕೊಡಿಸಬಹುದಿತ್ತು. ಬರೆದರೆ, ಆ ದಿನ ನಿಮ್ಮ ಲಾಗಿನ್ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ಇಬ್ಬರಿಗೂ ಅಮಾನತು. ಹೆದರಿಕೆಯೂ ಆಗಲಿಲ್ಲ ನನಗೆ, ಸುಮ್ಮನೆ ಲೆಕ್ಕ ಹಾಕಿದೆ.

“ನೀವ ಖುದ್ದ ಬಂದಿದ್ರೇನ್ರೀ ಸರ, ನಮ್ಮ ಮನಿಗೆ?” ಎಂದಳು.

“ಬಂದಿದ್ದೆ,” ಎಂದೆ. “ಹೊಸ ಅರ್ಜಿ ಹಾಕವಾ. ವಾರದಾಗ ಆಗ್ತದ.”

ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. “ಹಂಗಾದ್ರ ನಮ್ಮ ಮನಿ ಬಾಗಲಾ ಯಾವ ದಿಕ್ಕಿಗದ, ಹೇಳ್ರಿ ನೋಡೂನು.”

ಬಾಗಿಲು ಎಂದರೆ ನಮ್ಮ ಮನೆಯಲ್ಲಿ ಒಂದೇ ದಿಕ್ಕು. “ಪೂರ್ವಕ್ಕ,” ಎಂದೆ.

“ದಕ್ಷಿಣಕ್ಕದ ರೀ ಸರ. ದಕ್ಷಿಣದ ಬಾಗಲಾ ಅಂತ ಯಾರೂ ಇರಾಕ ಒಲ್ಲೆ ಅಂದಿದ್ದಕ್ಕನ ನಮಗ ಆ ಮನಿ ಬಾಡಿಗಿಗೆ ಸಿಕ್ಕಿದ್ದು.”

ಅರ್ಜಿಯ ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ಆಗಿನ್ನೂ ಮಧ್ಯಾಹ್ನ ಹನ್ನೆರಡು ಗಂಟೆ. ಒಂದು ಸಾಲು ಬರೆಯಲು ಬೇಕಾದಷ್ಟು ಹೊತ್ತಿತ್ತು. ಅವಳು ಐದರವರೆಗೂ ಅಲ್ಲೇ ಕೂತಿದ್ದಳು, ನಾನು ಬರೆಯಲಿಲ್ಲ.