ಯೋಸೇಫಣ್ಣ ಹರಾಜಿಗಿಟ್ಟ ಹೊಂಗೆಮರ

ಹರಾಜು ಶುರುಮಾಡುವ ಮುಂಚೆ ಯೋಸೇಫಣ್ಣ ಕೋಳಿಯ ಹತ್ತಿರ ಕ್ಷಮೆ ಕೇಳುತ್ತಿದ್ದರು. ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ, ಜನ ಕಾಣಿಕೆಯಾಗಿ ತಂದ ತರಕಾರಿ, ಮೊಟ್ಟೆ, ಕೋಳಿಗಳನ್ನು ಗಂಗಾನಗರದ ನಮ್ಮ ಪುಟ್ಟ ಚರ್ಚಿನ ಅಂಗಳದಲ್ಲಿ ಹರಾಜು ಹಾಕುವುದು ವಾಡಿಕೆ. ನಡೆಸುವವರು ಯೋಸೇಫಣ್ಣ, ನಿವೃತ್ತ ಪೋಸ್ಟ್‌ಮ್ಯಾನ್. "ತಪ್ಪು ತಿಳ್ಕೋಬೇಡಮ್ಮ, ಪಾದ್ರಿಗಳ ಮನೆಗೆ ನೆಂಟರು ಬಂದಿದ್ದಾರೆ" ಎಂದು ಕೋಳಿಗೆ ಸಮಜಾಯಿಷಿ ಕೊಟ್ಟು ಆಮೇಲೆ ನಮ್ಮ ಕಡೆ ತಿರುಗುತ್ತಿದ್ದರು. ಬದನೆಕಾಯಿಗೂ ಅದೇ ಮರ್ಯಾದೆ. ಅಷ್ಟರಲ್ಲಿ ನಮಗೆ ಹಸಿವಿನಿಂದ ಪ್ರಾಣ ಹೋಗುತ್ತಿತ್ತು.

ಚರ್ಚಿನ ಸೆಕ್ರೆಟರಿ ನಮ್ಮಪ್ಪ. ಅವರಿಗೆ ಸೈಕಲ್ ಸ್ಟ್ಯಾಂಡ್ ಕಟ್ಟಿಸುವ ಹುಚ್ಚು ಹಿಡಿದಿತ್ತು. ಅದಕ್ಕೆ ಜಾಗ ಬೇಕೆಂದರೆ, ಯೋಸೇಫಣ್ಣ ಮದುವೆಯಾದ ವರ್ಷ ಆ ಅಂಗಳದಲ್ಲಿ ಕೈಯಾರೆ ನೆಟ್ಟ ಹೊಂಗೆಮರ ಹೋಗಬೇಕು. ಎಂಬತ್ತರ ದಶಕದ ಶುರು ಅದು. ಮಳೆ ಕೈಕೊಟ್ಟಿತ್ತು, ಸೀಮೆಎಣ್ಣೆಗೂ ಕ್ಯೂ, ನೀರಿಗೂ ಕ್ಯೂ.

"ಲೋಕಾನೇ ಮುಳುಗ್ತಿದೆ, ನಿಮಗೆ ಒಂದು ಮರದ ಚಿಂತೆ," ಎಂದರು ಅಪ್ಪ.

"ದೇವರು ಆದಾಮನಿಗೆ ಮೊದಲು ಕೊಟ್ಟ ಕೆಲ್ಸ ತೋಟ ಕಾಯೋದು ಕಣ್ರೀ. ಸೆಕ್ರೆಟರಿ ಕೆಲ್ಸ ಆಮೇಲೆ ಯಾರೋ ಕಂಡುಹಿಡಿದಿದ್ದು," ಎಂದರು ಯೋಸೇಫಣ್ಣ.

ಕಮಿಟಿ ಅಪ್ಪನ ಪರವಾಗಿ ಕೈ ಎತ್ತಿತು. ಹಬ್ಬದ ಮಾರನೇ ದಿನ ಮರ ಕಡಿಯುವುದೆಂದಾಯಿತು.

ಹಬ್ಬದ ಬೆಳಿಗ್ಗೆ ನೋಡಿದರೆ ಮರಕ್ಕೆ ಗೋಣಿದಾರ ಸುತ್ತಿ ಚೀಟಿ ಕಟ್ಟಿತ್ತು: "ದೇವರಿಗೆ ಕಾಣಿಕೆ. ಇಂತಿ ಯೋಸೇಫ." ಕಾಣಿಕೆ ಕೊಟ್ಟದ್ದನ್ನು ಹರಾಜಾಗುವ ತನಕ ಯಾರೂ ಮುಟ್ಟಬಾರದು ಎಂಬುದು ನಿಯಮ. ಹಿಂದೊಮ್ಮೆ ಯಾರೋ ಕಾಣಿಕೆಯ ಹಲಸಿನಹಣ್ಣನ್ನು ಬಿಡಿಸಿ ತಿಂದರೆಂದು ಸಿಟ್ಟಿನಲ್ಲಿ ಆ ನಿಯಮ ಬರೆದವರು ಸಾಕ್ಷಾತ್ ನಮ್ಮಪ್ಪ. ಈಗ ಹಲ್ಲು ಕಚ್ಚಿಕೊಂಡು ತಾವೇ ಬೆಲೆ ಕೂಗಿದರು: "ಹತ್ತು ರೂಪಾಯಿ."

"ಒಂದು ಸಾರಿ," ಎಂದರು ಯೋಸೇಫಣ್ಣ. "ಎರಡು ಸಾರಿ," ಎಂದರು. ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನದು, ಕುಂಬಳಕಾಯಿ."

"ಮೂರು ಸಾರಿ ಅನ್ರೀ," ಎಂದರು ಅಪ್ಪ.

"ಅಂತೀನಿ, ಅವಸರ ಏನು? ಇನ್ನೂ ಯಾರಾದ್ರೂ ಜಾಸ್ತಿ ಕೂಗಬಹುದು. ನಿರೀಕ್ಷೆ ಅಂದ್ರೆ ಅದೇ ತಾನೆ?"

ಆರು ವರ್ಷ ಆ ಹರಾಜು ಮುಗಿಯಲಿಲ್ಲ. ಪ್ರತಿ ಹಬ್ಬಕ್ಕೂ ಹೊಸ ಚೀಟಿ, ಪ್ರತಿ ಹಬ್ಬಕ್ಕೂ ಅಪ್ಪನ ಹತ್ತು ರೂಪಾಯಿ. ಅಪ್ಪ ಚರ್ಚಿನ ಮೇಲಿನವರಿಗೆ ದೂರು ಬರೆದರು. "ಹರಾಜು ಮುಗಿದ ಮೇಲೆ ಬರೆಯಿರಿ" ಎಂದು ಉತ್ತರ ಬಂತು. ಸೆಕ್ರೆಟರಿಯ ಮಗಳಾಗಿ ನಾನು ಎದುರಿಗೆ ನಗುವಂತಿರಲಿಲ್ಲ. ಬಚ್ಚಲಿಗೆ ಹೋಗಿ ನಕ್ಕುಬರುತ್ತಿದ್ದೆ.

ಏಳನೇ ವರ್ಷ ಯೋಸೇಫಣ್ಣ ಹಾಸಿಗೆ ಹಿಡಿದರು. ಅಪ್ಪ ಮೂಸಂಬಿ ಕಟ್ಟಿಸಿಕೊಂಡು ನನ್ನನ್ನೂ ಕರೆದುಕೊಂಡು ಹೋದರು.

"ಇನ್ಮೇಲೆ ಹರಾಜು ನೀವೇ ನಡೆಸ್ಬೇಕು. ನಿಮ್ಮಷ್ಟು ನಿಯತ್ತಿನವರು ಇನ್ಯಾರಿದ್ದಾರೆ?" ಎಂದರು ಯೋಸೇಫಣ್ಣ. ಅಪ್ಪ ಉಬ್ಬಿಹೋಗಿ, ಕೈಹಿಡಿದು ಮಾತು ಕೊಟ್ಟರು.

ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯುವಾಗ ಅವರ ಮುಖ ಬಿಳಿಚಿಕೊಂಡಿತು. "ಹರಾಜು ನಡೆಸೋನು ತಾನೇ ಬೆಲೆ ಕೂಗೋ ಹಾಗಿಲ್ಲ, ಅಲ್ವೇನೇ?"

"ಇಲ್ಲಪ್ಪ. ಅದೂ ನೀವೇ ಬರೆದ ನಿಯಮ."

ಅಪ್ಪನನ್ನು ಬಿಟ್ಟರೆ ಆ ಮರಕ್ಕೆ ಯಾರೂ ಎಂದೂ ಬೆಲೆ ಕೂಗಿರಲಿಲ್ಲ; ಇನ್ನು ಅದು ಹರಾಜಾಗುವಂತೆಯೇ ಇರಲಿಲ್ಲ. ಅಪ್ಪ ಸೈಕಲ್ಲನ್ನು ಅಲ್ಲೇ ಬಿಟ್ಟು ಮತ್ತೆ ಒಳಗೆ ನಡೆದರು. ಸಾಯುವವರ ಜೊತೆಗೂ ಜಗಳವೇ ದೇವರೇ ಎಂದುಕೊಂಡು ಹಿಂದೆಯೇ ಓಡಿದೆ.

ಅಪ್ಪ ಮಂಚದ ಪಕ್ಕ ಕೂತಿದ್ದರು. ಮೂಸಂಬಿ ಸುಲಿಯುತ್ತಾ, "ಬೇಸಿಗೇಲಿ ಮರಕ್ಕೆ ನೀರು ಹಾಕ್ಬೇಕಾ, ಯೋಸೇಫಣ್ಣ?" ಎಂದು ಕೇಳಿದರು.

"ಬೇಡಪ್ಪ. ಆರಾಧನೆ ಮುಗಿದ್ಮೇಲೆ ಒಂದು ಗಳಿಗೆ ಅದರ ಕೆಳಗೆ ನಿಂತ್ಕೊಳಿ, ಸಾಕು."

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಗುರುವಾರ ಹೋಗಿಬಿಟ್ಟರು. ಭಾನುವಾರ ಜನರೆಲ್ಲ ಮನೆಗೆ ಹೋದರೂ ಅಪ್ಪ ಹೊಂಗೆಮರದ ಕೆಳಗೆ ನಿಂತೇ ಇದ್ದರು. ಊಟಕ್ಕೆ ಕರೆಯಲು ಹೋದ ನಾನೂ ಪಕ್ಕದಲ್ಲಿ ನಿಂತುಕೊಂಡೆ.