ಎರಡು ಚುಕ್ಕೆಯ ಗೇರ್

ಲಾರೆನ್ಸ್ ಕ್ರಾಸ್ತಾ ನನ್ನ ಟೇಬಲಿನ ಮುಂದೆ ಮೊದಲ ಸಲ ಬಂದು ನಿಂತಾಗ ಅವರನ್ನು ಅಳೆದು ತೂಗಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ವಯಸ್ಸು ಐವತ್ತೈದರ ಆಚೆ. ಜಾಕೆಟ್ಟು ಚಾರಿಟಿ ಅಂಗಡಿಯದು, ತೋಳು ಎರಡು ಇಂಚು ಉದ್ದ. ಬೂಟು ಹಳೆಯದಾದರೂ ಪಾಲಿಶ್ ಕಂಡಿದೆ. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು ಎಣ್ಣೆ. ಜೇಬಿಗೆ ಕೈ ಹಾಕಿದವರು ಪರ್ಸು ತೆಗೆಯಲಿಲ್ಲ, ಭೂತಗನ್ನಡಿ ತೆಗೆದರು. ಪರ್ಸಿಗಿಂತ ಮೊದಲು ಭೂತಗನ್ನಡಿ ತೆಗೆಯುವವರು ಕೊಳ್ಳಲು ಬಂದವರಲ್ಲ, ಹುಳುಕು ಹುಡುಕಲು ಬಂದವರು. ಇವರಿಂದ ಇವತ್ತು ನನಗೆ ಒಂದು ಟೀ ಕುಡಿಯುವಷ್ಟೂ ಹುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ.

ಸರಕಿನ ಬೆಲೆ ಕಟ್ಟುವುದರಲ್ಲಿ ನಾನು ಎಡವಿದ್ದು ಕಡಿಮೆ. ಎಡವಿದ್ದರಲ್ಲಿ ಇದು ದೊಡ್ಡದು.

ಚಿಕ್ಕಪೇಟೆಯಲ್ಲಿ ನಮ್ಮಪ್ಪನದು ಗುಂಡಿ, ಜಿಪ್ಪು, ಲೇಸಿನ ಅಂಗಡಿ. ಹೆಂಡತಿ ವೇದಾವತಿಗೆ ಬ್ಲಾಂಚರ್ಡ್ಸ್‌ಟೌನಿನಲ್ಲಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದು ನಾನು ಐರ್ಲೆಂಡಿಗೆ ಬಂದೆ. ಇಲ್ಲಿ ಗುಂಡಿಯನ್ನು ಯಾರೂ ಕೇಳಲಿಲ್ಲ. ಆದರೆ ಇಲ್ಲಿನ ಗಂಡಸರು ಆಟದ ರೈಲುಗಳನ್ನು ಅಟ್ಟದ ಮೇಲೆ ತುಂಬಿಟ್ಟು ಸಾಯುತ್ತಾರೆ, ಅದನ್ನು ಏನು ಮಾಡಬೇಕೆಂದು ಅವರ ಹೆಂಡಂದಿರಿಗೆ ತಿಳಿಯುವುದಿಲ್ಲ ಎಂಬುದನ್ನು ಆರು ತಿಂಗಳಲ್ಲಿ ಕಂಡುಕೊಂಡೆ. ಕ್ಲಾಂಡಾಲ್ಕಿನ್‌ನ ಒಂದು ಗೋಡೌನು ಬಾಡಿಗೆಗೆ ಹಿಡಿದು, ಹೋದವರ ರೈಲುಗಳನ್ನು ಇದ್ದವರಿಗೆ ಮಾರತೊಡಗಿದೆ. ಹನ್ನೆರಡು ವರ್ಷವಾಯಿತು.

ವರ್ಷಕ್ಕೆರಡು ಸಲ ವ್ಯಾನು ತುಂಬಿಕೊಂಡು ಲೆಟರ್‌ಕೆನ್ನಿಯ ಆಟದ ರೈಲಿನ ಮೇಳಕ್ಕೆ ಹೋಗಿ ಟೇಬಲು ಹಾಕುತ್ತೇನೆ. ಆ ಡೊನೆಗಾಲ್ ಸೀಮೆಯಲ್ಲಿ ನಿಜವಾದ ರೈಲು ನಿಂತು ಅರವತ್ತು ವರ್ಷ ದಾಟಿದೆ, ಹಳಿ ಕೂಡ ಉಳಿದಿಲ್ಲ. ಬಹುಶಃ ಅದಕ್ಕೇ ಅಲ್ಲಿನ ಮಾಡೆಲ್ ರೈಲಿನ ಕ್ಲಬ್ಬಿನವರಿಗೆ ಹುಚ್ಚು ಒಂದು ಹಿಡಿ ಜಾಸ್ತಿ. ಚರ್ಚಿನ ಹಾಲ್‌ನಲ್ಲಿ ಮಂಗಳವಾರ ಸಂಜೆ ಸೇರುತ್ತಾರೆ; ತಾತಂದಿರ ಕಾಲದ ಸ್ಟೇಷನ್ನು, ಸೇತುವೆ, ಕುರಿಮಂದೆ ಎಲ್ಲವನ್ನೂ ಹಲಗೆಯ ಮೇಲೆ ಕಟ್ಟಿದ್ದಾರೆ. ಅದರ ಮೇಲೆ ಎಂಜಿನ್ನಿಲ್ಲದೆ ತಮ್ಮದೇ ಮೋಟಾರಿನಿಂದ ಓಡುವ ಪುಟ್ಟ ಬೋಗಿಗಳನ್ನು ಮಾಡುತ್ತಿದ್ದದ್ದು ಬ್ರಾಕನ್ ಎಂಬ ಒಂದೇ ಕಂಪನಿ. ಅದು ಬಾಗಿಲು ಹಾಕಿ ನಲವತ್ತು ವರ್ಷ.

ಬ್ರಾಕನ್ ಬೋಗಿಗೆ ಒಂದು ಜಾತಕದೋಷ. ಒಳಗೆ ಕಡಲೆಕಾಳಿನಷ್ಟು ದೊಡ್ಡ ಒಂದು ಬಿಳಿ ಪ್ಲಾಸ್ಟಿಕ್ ಗೇರ್ ಇರುತ್ತದೆ. ಅದು ಕಾಲ ಕಳೆದಂತೆ ಕುಗ್ಗಿ, ತಾನು ಕೂತ ಕಬ್ಬಿಣದ ಕಡ್ಡಿಯ ಮೇಲೇ ಬಿರುಕು ಬಿಡುತ್ತದೆ. ಓಡಿಸಿದರೂ ಬಿಡುತ್ತದೆ, ಪ್ಯಾಕೆಟ್ಟು ಒಡೆಯದೆ ಇಟ್ಟರೂ ಬಿಡುತ್ತದೆ. ಇದು ವ್ಯಾಪಾರಿಗಳಿಗೆಲ್ಲ ಗೊತ್ತು. ಆದರೆ ಒಡೆಯದ ಹಸಿರು ಪ್ಯಾಕೆಟ್ಟಿಗೆ ಬೆಲೆ ನಾಲ್ಕು ಪಟ್ಟು. ಹಾಗಾಗಿ ಯಾರೂ ಒಡೆಯುವುದಿಲ್ಲ. ಒಳಗಿರುವುದು ಸತ್ತಿದೆಯೋ ಬದುಕಿದೆಯೋ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯೂ ಅಲ್ಲ.

ಲಾರೆನ್ಸ್ ಅಂಥ ಒಂದು ಪ್ಯಾಕೆಟ್ಟನ್ನು ಕೈಗೆತ್ತಿಕೊಂಡಾಗ ನಾನು ವೇದಾವತಿಯೊಂದಿಗೆ ಫೋನಿನಲ್ಲಿದ್ದೆ. "ಇಲ್ಲೊಬ್ಬ ಮುದುಕ ಬೆಳಗ್ಗಿಂದ ತಲೆ ತಿಂತಿದ್ದಾನೆ ಕಣೇ, ಆಮೇಲೆ ಮಾಡ್ತೀನಿ" ಎಂದೆ.

ಮುದುಕರು ಪ್ಯಾಕೆಟ್ಟಿನಿಂದ ಕಣ್ಣು ತೆಗೆಯದೆ ಹೇಳಿದರು: "ಮುದುಕ ಅಂದದ್ದು ಸರಿ. ಬೆಳಗ್ಗಿಂದ ಅಂದದ್ದು ಸುಳ್ಳು. ನಾನು ಬಂದು ಐದು ನಿಮಿಷ ಆಗ್ಲಿಲ್ಲ ಮಾರಾಯ್ರೆ."

ಮಂಗಳೂರಿನವರು! ನಾಲಿಗೆ ಕಚ್ಚಿಕೊಂಡೆ. ಅವರು ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

"ಕೇಳಿ. ಚಿಟಿಚಿಟಿ ಅಂತದೆ. ಗೇರ್ ಬಿರಿದು ಲೂಸಾಗಿದೆ. ಇದನ್ನು ನೀವು ಹೊಸದು ಅಂತ ಮಾರೂದಾ?"

"ಪ್ಯಾಕೆಟ್ ಹೊಸದು ಸಾರ್," ಎಂದೆ.

ಅವರು ನಕ್ಕರು. ಆ ನಗುವಿನಲ್ಲಿ ನಾನು ಗೆದ್ದೆನೆಂದುಕೊಂಡೆ. ಅವರು ನನ್ನನ್ನು ತೂಗಿ ಮುಗಿಸಿದ್ದರು ಎಂಬುದು ಆಮೇಲೆ ಹೊಳೆಯಿತು.

ಅವರ ಕಥೆ ಹಾಲ್‌ನ ಅಡುಗೆಕೋಣೆಯಲ್ಲಿ ಟೀ ಕುಡಿಯುತ್ತ ತಿಳಿಯಿತು. ಟೀ ಮಾಡಿದ್ದೂ ಅವರೇ. ನಾಲ್ಕು ವರ್ಷದಿಂದ ಆ ಕ್ಲಬ್ಬಿನಲ್ಲಿ ಟೀ ಮಾಡುವುದು, ಕುರ್ಚಿ ಹಾಕುವುದು, ಕುರ್ಚಿ ತೆಗೆಯುವುದು ಅವರೇ. ಊರಲ್ಲಿ ಅವರು ಹಂಚಿನ ಕಾರ್ಖಾನೆಯೊಂದರ ಟರ್ನರ್. ಮಣ್ಣು ಅದುಮುವ ಯಂತ್ರಗಳನ್ನು ಮಾಡಿದ ಇಂಗ್ಲಿಷ್ ಕಂಪನಿ ಅವರು ಹುಟ್ಟುವ ಮೊದಲೇ ಮುಚ್ಚಿತ್ತು. ಒಂದು ಗೇರ್ ಹೋದರೆ ತರಿಸುವುದಕ್ಕೆ ಎಲ್ಲೂ ಇಲ್ಲ, ಲೇತ್ ಮೇಲೆ ತಾವೇ ಕಡೆಯಬೇಕು. ಇಪ್ಪತ್ತೆರಡು ವರ್ಷ ಸತ್ತ ಕಂಪನಿಯ ಯಂತ್ರವನ್ನು ಓಡಿಸಿದರು. ಕೊನೆಗೆ ಕಾರ್ಖಾನೆಯೇ ಮುಚ್ಚಿತು. ಹೆಂಡತಿ ಬರ್ನಡೆಟ್ ನರ್ಸು. ಅವರಿಗೆ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು. ಇವರು ಒಂದು ವೃದ್ಧಾಶ್ರಮದಲ್ಲಿ ನಲ್ಲಿ, ಬಲ್ಬು, ಬಾಗಿಲು ರಿಪೇರಿಗೆ ಸೇರಿದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಪುಟ್ಟ ಲೇತ್.

ಅಲ್ಲಿ ಬಿಳಿ ನೈಲಾನ್ ಕಡ್ಡಿಯಿಂದ ಬ್ರಾಕನ್ ಗೇರ್ ಕಡೆದು ಕ್ಲಬ್ಬಿನವರ ಬೋಗಿಗಳಿಗೆ ಕೂರಿಸುತ್ತಿದ್ದರು. ಒಂದನ್ನು ನನ್ನ ಅಂಗೈಗೆ ಹಾಕಿದರು. ನೋಡಲು ಮೂಲದ್ದೇ. ಭೂತಗನ್ನಡಿ ಕೊಟ್ಟು ತೋರಿಸಿದರು: ಪಕ್ಕದಲ್ಲಿ ಸೂಜಿಮೊನೆಯ ಎರಡು ಚುಕ್ಕೆ.

"ಇದೆಂತ ಅಂದ್ರೆ ನನ್ನ ಗುರ್ತು. ಹಂಚಿನ ಫ್ಯಾಕ್ಟ್ರಿಯಲ್ಲಿ ಎಲ್ಲ ಟರ್ನರಿಗೂ ಒಂದು ಗುರ್ತು ಉಂಟು. ನಾಳೆ ಪೀಸು ಮುರಿದ್ರೆ ಯಾರ್ದು ಅಂತ ಗೊತ್ತಾಗ್ಬೇಕಲ್ಲ. ಬೈಗಳು ಸರಿಯಾದವನಿಗೆ ಹೋಗ್ಬೇಕು."

"ಮುರೀದೇ ಇದ್ರೆ?"

"ಮುರೀದಿದ್ರೆ ಯಾರು ಕೇಳ್ತಾರೆ ಮಾರಾಯ್ರೆ?"

ನಾನು ಕೇಳಿದೆ. ನನಗೆ ಮಾಡಿಕೊಡಿ, ದೇಶವೆಲ್ಲ ಮಾರುತ್ತೇನೆ ಎಂದೆ. ಕಡ್ಡಿಯ ಖರ್ಚು ಸಾಕೆಂದರು. ಒಂದೇ ಷರತ್ತು: ಪ್ರತಿ ಗೇರ್ ಜೊತೆ ಒಂದು ಚೀಟಿ ಹೋಗಬೇಕು. ಮುಂದಿನ ಸಲ ಲೈಬ್ರರಿಯಲ್ಲಿ ಪ್ರಿಂಟು ಹಾಕಿಸಿದ ಚೀಟಿಯ ಕಟ್ಟನ್ನೂ ತಂದರು: 'ಮಾಡಿದವರು ಎಲ್. ಕ್ರಾಸ್ತಾ, ಲೆಟರ್‌ಕೆನ್ನಿ'.

ಅದೇ ವರ್ಷ ಲಾಂಗ್‌ಫರ್ಡಿನ ಒಬ್ಬ ಹಳೇ ಅಂಗಡಿಯವನ ಅಟ್ಟದಿಂದ ನನಗೆ ಒಂದು ಪೆಟ್ಟಿಗೆ ತುಂಬ ಒಡೆಯದ ಬ್ರಾಕನ್ ಪ್ಯಾಕೆಟ್ಟುಗಳು ಸಿಕ್ಕಿದ್ದವು. ಕಿವಿಗೆ ಹಿಡಿದರೆ ಎಲ್ಲವೂ ಚಿಟಿಚಿಟಿ. ಲಾರೆನ್ಸ್ ಪಾಠ ಹೇಳಿದ ಮೇಲೆ ಗಿರಾಕಿಗಳೂ ಕಿವಿಗೆ ಹಿಡಿಯಲು ಕಲಿತಿದ್ದರು. ನಾನು ಕ್ಲಾಂಡಾಲ್ಕಿನ್‌ನಲ್ಲಿ ಕೂತು ಪ್ಯಾಕೆಟ್ಟಿನ ಪಿನ್ನು ಬಿಡಿಸಿ, ಸತ್ತ ಗೇರ್ ತೆಗೆದು, ಲಾರೆನ್ಸರದನ್ನು ಇಟ್ಟು, ಹಳೇ ಪಿನ್ನನ್ನೇ ಹಳೇ ತೂತಿಗೇ ಮಡಚಿದೆ. ಬಟನ್ ಅಂಗಡಿಯಲ್ಲಿ ಬೆಳೆದ ಬೆರಳು, ಕೆಲಸ ಚೊಕ್ಕವಾಯಿತು. ಚೀಟಿಯ ಕಟ್ಟು ಡ್ರಾಯರಿಗೆ ಹೋಯಿತು. ಚುಕ್ಕೆ ನೆನಪಿತ್ತು. ಬೋಗಿಯ ಹೊಟ್ಟೆಗೆ ಹೋದ ಮೇಲೆ ಅದನ್ನು ಯಾರು ನೋಡುತ್ತಾರೆ ಎಂದುಕೊಂಡೆ.

ನಾಲ್ಕು ವರ್ಷ ಹಾಗೇ ನಡೆಯಿತು. "ಜನ ಎಂತ ಹೇಳ್ತಾರೆ ಸುರೇಶ್?" ಎಂದು ಲಾರೆನ್ಸ್ ಪ್ರತಿ ಸಲ ಕೇಳುವರು. "ಸೂಪರ್ ಅಂತಾರೆ ಸಾರ್" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಬ್ರಾಕನ್ ಕಂಪನಿಯ ಕೆಲಸವನ್ನು ಜನ ಬಹಳ ಹೊಗಳುತ್ತಿದ್ದರು.

ಹೋದ ಮಾರ್ಚಿನ ಮೇಳದ ದಿನ ಅವರು ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. "ಇವತ್ತು ಮಧ್ಯಾಹ್ನ ಹೆಸರು ಹೇಳ್ತಾರಂತೆ. ನಾನು ಇನ್ನು ವರ್ಕ್‌ಶಾಪ್ ಇನ್‌ಚಾರ್ಜು. ಆ ಬೋರ್ಡಲ್ಲಿ ಬರೀತಾರಂತೆ" ಎಂದು ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು. ಪದಾಧಿಕಾರಿಗಳ ಹೆಸರಿನ ಮರದ ಬೋರ್ಡು. ಅದರ ಕೆಳಗೆ ಎಂಟು ವರ್ಷ ಕುರ್ಚಿ ಜೋಡಿಸಿದ್ದಾರೆ. "ಬರ್ನಿಗೆ ಎರಡು ಗಂಟೆಗೆ ಬಾ ಅಂತ ಹೇಳಿದ್ದೇನೆ. ಡ್ಯೂಟಿ ಮುಗಿಸಿ ಯೂನಿಫಾರ್ಮಲ್ಲೇ ಬರ್ತಾಳೆ."

"ಪಾರ್ಟಿ ಕೊಡಿಸ್ಬೇಕು ಸಾರ್."

"ಟೀ ಕೊಡ್ತೇನೆ. ಇವತ್ತು ಬೇರೆ ಯಾರೋ ಮಾಡಿದ್ದು."

ಒಂದೂವರೆಯ ಹೊತ್ತಿಗೆ ಕ್ಲಬ್ಬಿನ ಕಾರ್ಯದರ್ಶಿ ಡೆಕ್ಲನ್ ಮೆಕ್‌ಗಿನ್ಲಿ ನನ್ನ ಟೇಬಲ್ಲಿಗೆ ಬಂದರು. ರಿಟೈರಾದ ಪೋಸ್ಟ್‌ಮ್ಯಾನ್, ಸಾಧು ಮನುಷ್ಯ. ನನ್ನಿಂದ ಕೊಂಡ ಹಸಿರು ಪ್ಯಾಕೆಟ್ಟು ಅವರ ಕೈಯಲ್ಲಿ ತೆರೆದಿತ್ತು. ಕಾರ್ಕಿನ ಒಬ್ಬ ಗೆಳೆಯ ಬರೆದಿದ್ದನಂತೆ: ಬ್ರಾಕನ್ ಗೇರ್ ಬಿರುಕು ಬಿಡದೆ ಉಳಿದದ್ದನ್ನು ತಾನು ಜೀವಮಾನದಲ್ಲಿ ಕಂಡಿಲ್ಲ, ಈ ಸುರೇಶ ಮಾರುವ ಹಳೇ ಸ್ಟಾಕು ಮಾತ್ರ ನಾಲ್ಕು ವರ್ಷ ಓಡಿದರೂ ಕಲ್ಲಿನಂತಿದೆಯಲ್ಲ, ಹೇಗೆ? ನನ್ನ ಮಾಲು ಸಿಕ್ಕಿಬಿದ್ದದ್ದು ಕೆಟ್ಟದ್ದೆಂದಲ್ಲ, ಒಳ್ಳೆಯದೆಂದು. ಡೆಕ್ಲನ್ ಪ್ಯಾಕೆಟ್ಟು ಒಡೆದು, ಬೋಗಿ ಬಿಚ್ಚಿ, ಗೇರಿಗೆ ಭೂತಗನ್ನಡಿ ಹಿಡಿದಿದ್ದರು: ಎರಡು ಚುಕ್ಕೆ. ಅದೇ ಎರಡು ಚುಕ್ಕೆ ಅವರ ಸ್ವಂತ ಬೋಗಿಯೊಳಗೂ ಇತ್ತು; ಲಾರೆನ್ಸ್ ರಿಪೇರಿ ಮಾಡಿಕೊಟ್ಟದ್ದು.

"ಒಡೆಯದ ಪ್ಯಾಕೆಟ್ಟಿನೊಳಗೆ ಇದು ಎಲ್ಲಿಂದ ಬಂತು?" ಎಂದು ಕೇಳಿದರು. ಸುತ್ತ ಏಳೆಂಟು ಜನ ಸೇರಿದ್ದರು. ಲಾರೆನ್ಸ್ ಕೂಡ.

ನನ್ನ ಮುಂದೆ ಅದೇ ಬಗೆಯ ಪ್ಯಾಕೆಟ್ಟುಗಳು ಸಾಲಾಗಿದ್ದವು. ಹೇಳಿದೆ: "ನಾನು ಹತ್ತು ಜನರ ಹತ್ತಿರ ಕೊಳ್ಳುವವನು. ಈ ಗೇರ್ ನನಗೆ ಕೊಟ್ಟದ್ದು ಲಾರೆನ್ಸ್."

ಒಂದೊಂದು ಪದವೂ ನಿಜ. ನಿಜವನ್ನು ಎಲ್ಲಿಗೆ ಕತ್ತರಿಸಿದರೆ ಲಾಭ ಎಂದು ನನಗೆ ಗೊತ್ತು. ಲೇಸು ಅಳೆದು ಬೆಳೆದವನು.

ಲಾರೆನ್ಸ್ ಪ್ಯಾಕೆಟ್ಟನ್ನು ಎತ್ತಿಕೊಂಡರು. ಒಳಗೆ ಬೆರಳು ಹಾಕಿ ನೋಡಿದರು. ಗೇರ್ ಅನ್ನಲ್ಲ, ಚೀಟಿಯನ್ನು ಹುಡುಕಿದ್ದು. ಅದು ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು.

"ಈ ಗೇರ್ ನಿಮ್ಮದಾ ಲಾರೆನ್ಸ್?" ಎಂದರು ಡೆಕ್ಲನ್.

"ನನ್ನದೇ."

"ಪ್ಯಾಕೆಟ್ಟಿನ ವಿಷಯ?"

ಅವರು ಪ್ಯಾಕೆಟ್ಟನ್ನು ಮಡಚಿ ನನ್ನ ಮುಂದೆ ಟೇಬಲ್ಲಿನ ಮೇಲಿಟ್ಟರು. ಡೆಕ್ಲನ್ ಕಾದರು. ನಾನೂ ಕಾದೆ, ನನ್ನ ಕಾಯುವಿಕೆ ಬೇರೆ ತರದ್ದು. ಕೊನೆಗೆ ಡೆಕ್ಲನ್ ಅವರ ಭುಜ ತಟ್ಟಿ, "ಗ್ರ್ಯಾಂಡ್, ಗ್ರ್ಯಾಂಡ್, ಆಯಿತು ಬಿಡಿ. ನೀವು ಸ್ವಲ್ಪ ದಿನ ಬಿಡುವು ತೆಗೆದುಕೊಂಡರೆ ಒಳ್ಳೆಯದು ಲಾರೆನ್ಸ್" ಎಂದರು. ಐರಿಷರು ಬಾಗಿಲು ಹಾಕುವಾಗಲೂ ಸದ್ದಾಗದಂತೆ ಹಾಕುತ್ತಾರೆ.

ಪಾರ್ಕಿಂಗ್ ಜಾಗದವರೆಗೂ ಲಾರೆನ್ಸರ ಹಿಂದೆ ಹಿಂದೆ ಹೋದೆ. "ಸಾರ್, ನೀವು ಹೇಳ್ಬಹುದಿತ್ತು. ನಾನೇ ತುಂಬಿದ್ದು ಅಂತ."

"ಹೇಳಿ ಎಂತ ಮಾಡೂದು? ಅಲ್ಲಿ ಇಂಡಿಯದವರು ಅಂತ ಇರೋದು ನಾವಿಬ್ಬರು. ಇಬ್ಬರೂ ಕಳ್ಳರಾಗ್ಬೇಕಾ? ಒಬ್ಬ ಸಾಕಲ್ಲ." ಕಾರಿನ ಬೀಗ ತೆಗೆದರು. "ನೀವು ಹೇಳ್ತೀರಿ ಅಂತ ನಾನು ನೋಡಿದೆ ಸುರೇಶ್. ಸುಮಾರು ಹೊತ್ತು ನೋಡಿದೆ."

ಅಷ್ಟರಲ್ಲಿ ಬರ್ನಡೆಟ್ ಯೂನಿಫಾರ್ಮಿನಲ್ಲಿ ಬಂದಿಳಿದರು. ಕೈಯಲ್ಲಿ ಕೇಕಿನ ಡಬ್ಬಿ. "ಮುಗೀತಾ? ಇಷ್ಟು ಬೇಗ?" ಎಂದರು. ಲಾರೆನ್ಸ್ ಡಬ್ಬಿ ಇಸಕೊಂಡು ಹಿಂದಿನ ಸೀಟಿನಲ್ಲಿಟ್ಟರು.

ಸೆಪ್ಟೆಂಬರಿನಲ್ಲಿ ಅವರ ಮನೆಗೆ ಹೋದೆ. ನಾಚಿಕೆಯಿಂದ ಅಲ್ಲ, ಗಿರಾಕಿಗಳು ಈಗ 'ಎರಡು ಚುಕ್ಕೆಯದು' ಎಂದು ಹೆಸರು ಹಿಡಿದೇ ಕೇಳುತ್ತಿದ್ದರು. ಬಾಗಿಲು ತೆರೆದದ್ದು ಬರ್ನಡೆಟ್.

"ಓ, ಸುರೇಶ್. ಇವತ್ತು ಎಂತ ಬೇಕು? ಅವರ ಹೆಸರಾ, ಅವರ ಗೇರಾ? ಹೆಸರು ಖಾಲಿಯಾಗಿದೆ."

"ಒಳಗೆ ಬರ್ಲಾ ಮೇಡಂ?"

"ಬನ್ನಿ, ಬನ್ನಿ. ಮನೆಗೆ ಬಂದವರನ್ನು ನಾವು ಕಳಿಸೂದಿಲ್ಲ. ಹೊರಗೆ ಕಳಿಸೂದು ಕ್ಲಬ್ಬಿನವರ ಪದ್ಧತಿ."

ಶೆಡ್ಡಿನಲ್ಲಿ ಲೇತಿನ ಮೇಲೆ ಎಣ್ಣೆ ಬಟ್ಟೆ ಹೊದಿಸಿತ್ತು. ಈ ಸಲ ಚೀಟಿ ಹಾಕಿಯೇ ಮಾರುತ್ತೇನೆ ಎಂದೆ. ಲಾರೆನ್ಸ್ ತಾಳ್ಮೆಯಿಂದ ಕೇಳಿದರು.

"ಕಡ್ಡಿ ಮುಗಿದಿದೆ ಸುರೇಶ್."

"ನಾನು ತರಿಸಿಕೊಡ್ತೀನಿ ಸಾರ್."

"ಬೇಡ. ಕಣ್ಣೂ ಅಷ್ಟು ಸರಿ ಕಾಣೂದಿಲ್ಲ." ಅವರ ಹಿಂದಿನ ಶೆಲ್ಫಿನಲ್ಲಿ ಬಿಳಿ ಕಡ್ಡಿಗಳ ಕಟ್ಟು ನನಗೆ ಕಾಣುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಟೀ ಕುಡಿದು ಬಂದೆ.

ಕ್ಲಬ್ಬಿನ ಹಲಗೆಯ ಮೇಲೆ ಇವತ್ತಿಗೂ ಬೋಗಿಗಳು ಓಡುತ್ತಿರುವುದು ಲಾರೆನ್ಸರ ಗೇರುಗಳ ಮೇಲೆ. ಅವನ್ನು ಯಾರೂ ಕಿತ್ತು ಹಾಕಿಲ್ಲ. ಹಾಕಿದರೆ ಬದಲಿಗೆ ಇಡಲು ಭೂಮಿಯ ಮೇಲೆ ಬೇರೆ ಇಲ್ಲ. ಮಂಗಳವಾರಗಳಂದು ಟೀಯನ್ನು ಸರದಿಯಲ್ಲಿ ಮಾಡುತ್ತಾರಂತೆ, ಚೆನ್ನಾಗಿರುವುದಿಲ್ಲವಂತೆ. ಇನ್‌ಚಾರ್ಜು ಎಂದು ಬೋರ್ಡಿನಲ್ಲಿ ಬೇರೊಬ್ಬರ ಹೆಸರಿದೆ. ಆ ಮನುಷ್ಯನಿಗೆ ಲೇತ್ ಹಿಡಿಯಲು ಬರುವುದಿಲ್ಲ. ನನ್ನ ಟೇಬಲು ಇದ್ದ ಜಾಗದಲ್ಲೇ ಇದೆ.

ಡ್ರಾಯರಿನಲ್ಲಿ ಚೀಟಿಯ ಕಟ್ಟು ರಬ್ಬರ್ ಬ್ಯಾಂಡು ಬಿಚ್ಚದೆ ಹಾಗೇ ಇದೆ. ಒಡೆಯದ ಪ್ಯಾಕೆಟ್ಟು ಅಂದರೆ ಅದೊಂದೇ.

ನಾನು ಲಾರೆನ್ಸ್ ಕ್ರಾಸ್ತಾ ಅವರಿಗೆ ಕೊಡಬೇಕಾದದ್ದು ಇಷ್ಟು: ಆ ಹಾಲ್‌ನಲ್ಲಿ, ಡೆಕ್ಲನ್ ಮತ್ತು ಉಳಿದವರ ಮುಂದೆ ನಿಂತು, ಪ್ಯಾಕೆಟ್ಟುಗಳಿಗೆ ಗೇರ್ ತುಂಬಿದ್ದು ನಾನು, ಲಾರೆನ್ಸರಿಗೆ ಅದು ಗೊತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುವುದು. ಇಲ್ಲಿ, ಅಲ್ಲಿ ಯಾರಿಗೂ ಓದಲು ಬಾರದ ಕನ್ನಡದಲ್ಲಿ, ಬರೆದಿದ್ದೇನೆ. ಅಲ್ಲಿ ಇನ್ನೂ ಹೇಳಿಲ್ಲ.